ತೊಡೆಯಿಂದ ಮೊಣಕೈಗೆ

ನನ್ನ ಬಲಗೈ ನೋಡಿದವರು ಈಗಲೂ ಇದಕ್ಕೇನಾಗಿತ್ತು ಎಂದೇ ಕೇಳುತ್ತಾರೆ. ರವಿಕೆಯ ತೋಳನ್ನು ಮೇಲೆ ಸರಿಸಿದರೆ ಮೊಣಕೈಯ ಒಳಬದಿಯಲ್ಲಿ ಬೆರಳುದ್ದದ ಒಂದು ಗಾಯದ ಗುರುತು ಕಾಣುತ್ತದೆ. ಅದನ್ನು ತೋರಿಸಿದ ಮೇಲೆ ಎಲ್ಲರೂ ಅಯ್ಯೋ ಪಾಪ ಎನ್ನುತ್ತಾರೆ. ಆ ಗುರುತು ಇನ್ನೂ ಇಲ್ಲದಿದ್ದ ದಿನಗಳಲ್ಲಿ ಇದೇ ಕೈ ನನ್ನನ್ನು ಸುಳ್ಳುಗಾತಿಯನ್ನಾಗಿ ಮಾಡಿತ್ತು. ಹೊರಗೆ ಕಾಣದ ನೋವನ್ನು ಸೆರಗಿನಡಿ ಇಟ್ಟುಕೊಂಡು ಓಡಾಡುವ ಹೆಂಗಸರು ಇನ್ನೂ ಎಷ್ಟೋ ಮಂದಿ ಇದ್ದಾರೆಂದು ಬಲ್ಲೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆಗ ನನ್ನ ತಲೆಯಲ್ಲಿ ಓಡಿದ ಸಣ್ಣ ಯೋಚನೆಗಳನ್ನೂ ಮುಚ್ಚಿಡುವುದಿಲ್ಲ. ಅವನ್ನು ಬಿಟ್ಟರೆ ಈ ಕಥೆಯಲ್ಲಿ ಉಳಿಯುವುದು ಬರೀ ಹತ್ತಿ ಮತ್ತು ಬಟ್ಟೆಪಟ್ಟಿ.

ನಾನು ಬೆಂಗಳೂರು ದಂಡು ಪ್ರದೇಶದ ಒಂದು ಕಾನ್ವೆಂಟಿನಲ್ಲಿ ಓದಿದವಳು. ಮದುವೆಯಾಗಿ ಬಂದದ್ದು ದೇವನಹಳ್ಳಿಯ ಒಕ್ಕಲುತನದ ಮನೆಗೆ. ನಮ್ಮ ಯಜಮಾನರು ಅಲ್ಲಿನ ಮಿಡಲ್ ಸ್ಕೂಲಿನಲ್ಲಿ ಮೇಷ್ಟರು. ಮಾವನವರು ತೀರಿಕೊಂಡು ಬಹಳ ವರ್ಷಗಳಾಗಿದ್ದುದರಿಂದ ಹೊಲ, ದನ, ಮನೆ ಎಲ್ಲವೂ ಅತ್ತೆಯವರ ಮಾತಿನಂತೆಯೇ ನಡೆಯುತ್ತಿದ್ದವು. ಅತ್ತೆ ಕೆಟ್ಟವರೆಂದು ನಾನು ಆಗಲೂ ಹೇಳಿದವಳಲ್ಲ. ಆದರೆ ಕಸೂತಿ ಹಾಕುವ ಸೊಸೆಯನ್ನು ಕಂಡರೆ ಅವರಿಗೆ ಮೊದಲ ದಿನದಿಂದಲೂ ಒಂದು ಅನುಮಾನ ಇದ್ದೇ ಇತ್ತು. ಇಷ್ಟು ಸಣ್ಣ ಸೂಜಿ ಹಿಡಿಯುವ ಕೈ ಮುದ್ದೆ ತಿರುವೀತೇ?

ತಿರುವುತ್ತಿತ್ತು, ಬೀಳುವವರೆಗೆ. ಎರಡನೇ ಮಹಾಯುದ್ಧದ ಕಾಲ. ನನ್ನ ಮಗಳು ವಿಮಲೆಗೆ ಆಗ ನಾಲ್ಕು ತಿಂಗಳು. ರಾತ್ರಿ ಮಳೆ ಬಂದು ಹಿತ್ತಿಲ ಬಟ್ಟೆ ಒಗೆಯುವ ಕಲ್ಲು ಪಾಚಿಗಟ್ಟಿದಂತಾಗಿತ್ತು. ಸೊಂಟದಲ್ಲಿ ತುಂಬಿದ ಬಿಂದಿಗೆ ಇಟ್ಟುಕೊಂಡು ಕಲ್ಲಿನ ಮೇಲೆ ಕಾಲಿಟ್ಟೆ, ಜಾರಿದೆ. ಬಿಂದಿಗೆ ನೆಗ್ಗಬಾರದೆಂದು ಅದನ್ನು ಎಡಗೈಯಲ್ಲಿ ತಬ್ಬಿಕೊಂಡು ಬಲಗೈ ಊರಿದೆ. ಬಿಂದಿಗೆಗೆ ಏನೂ ಆಗಲಿಲ್ಲ. ಮೊಣಕೈಯಿಂದ ಕೆಳಗೆ ನನ್ನ ಕೈ ಮಾತ್ರ ಬೇರೆ ಯಾರದ್ದೋ ಕೈಯಂತೆ ಪಕ್ಕಕ್ಕೆ ತಿರುಗಿ ಕೂತಿತ್ತು.

ಪಕ್ಕದ ಹಳ್ಳಿಯಿಂದ ಮೂಳೆ ಕಟ್ಟುವ ಅಜ್ಜನನ್ನು ಕರೆಸಿದರು. ಅಜ್ಜ ನನ್ನ ಕಂಕುಳಿಗೆ ತನ್ನ ಪಾದ ಕೊಟ್ಟು ಕೈಯನ್ನು ಒಂದೇ ಸಲ ಎಳೆದ. ಕಟ್ ಎಂದಿತು. “ಕುಂತ್ಕೋತು ಬುಡವ್ವ. ನಲವತ್ತು ದಿನ ಬಿಚ್ಬ್ಯಾಡ,” ಎಂದ. ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ ಬಳಿದು, ಬಿದಿರಿನ ದೆಬ್ಬೆ ಇಟ್ಟು ಕಟ್ಟಿದ. ನಲವತ್ತು ದಿನ ಕಳೆದು ಬಿಚ್ಚಿದಾಗ ಕೈ ಸ್ವಲ್ಪ ಬಡಕಲಾಗಿತ್ತೇ ಹೊರತು ನೋಡಲು ನೆಟ್ಟಗಿತ್ತು. ಊರೆಲ್ಲ ಅಜ್ಜನನ್ನು ಹೊಗಳಿತು, ನಾನೂ ಹೊಗಳಿದೆ.

ಒಂದು ವಾರದಲ್ಲಿ ಏನೋ ಸರಿಯಿಲ್ಲ ಎಂದು ನನಗೆ ಗೊತ್ತಾಯಿತು. ಕೈ ಮಡಚಿದರೆ ನೋವಿಲ್ಲ, ಚಾಚಿದರೆ ನೋವಿಲ್ಲ. ಸೌಟು ಹಿಡಿಯಬಲ್ಲೆ, ಬರೆಯಬಲ್ಲೆ. ಆದರೆ ಭಾರವಾದದ್ದನ್ನು ಪಕ್ಕಕ್ಕೆ ಎತ್ತಿದೆನೋ, ಮೊಣಕೈ ಒಳಬದಿಗೆ ಬಾಯಿ ತೆರೆದಂತಾಗಿ ಕಿರುಬೆರಳಿನವರೆಗೆ ಜುಮ್ಮೆನ್ನುತ್ತಿತ್ತು. ಮರುಕ್ಷಣ ತಾನಾಗಿ ಸರಿಹೋಗುತ್ತಿತ್ತು. ಹತ್ತು ಸಲ ಎತ್ತಿದರೆ ಎಂಟು ಸಲ ಏನೂ ಆಗುತ್ತಿರಲಿಲ್ಲ. ಯಾರಾದರೂ ನೋಡುತ್ತಿದ್ದಾಗ ಆ ಎಂಟೇ ಬರುತ್ತಿತ್ತು.

ವಿಮಲೆಗೆ ಆರು ತಿಂಗಳಾದಾಗ, ಒಂದು ಶನಿವಾರ, ಬಚ್ಚಲಲ್ಲಿ ಕಾಲು ಚಾಚಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿ ಎರೆಯುತ್ತಿದ್ದೆ. ಬೆನ್ನಿಗೆ ನೀರು ಹಾಕಲೆಂದು ಅವಳನ್ನು ಎತ್ತಿ ತಿರುಗಿಸುವಾಗ ಮೊಣಕೈ ಜಾರಿತು. ಎಣ್ಣೆ ಮೈಯ ಮಗು ನನ್ನ ಕೈಯಿಂದ ಮೀನಿನಂತೆ ಹೋಯಿತು. ಬಚ್ಚಲ ಕಲ್ಲಿನ ಅಂಚು ಅವಳ ಹುಬ್ಬಿನ ಮೇಲೆ ತಾಗಿ ಗೋಲಿಯಷ್ಟು ಊದಿಕೊಂಡಿತು. ಅದಕ್ಕಿಂತ ಹೆಚ್ಚೇನೂ ಆಗಲಿಲ್ಲ. ಆದರೂ ಆ ಸದ್ದು ಇವತ್ತೂ ನನ್ನ ಕಿವಿಯಲ್ಲಿದೆ.

ಅತ್ತೆ ಬಂದು ಮಗುವನ್ನು ಎತ್ತಿಕೊಂಡರು. ಕೂಗಾಡಲಿಲ್ಲ. ಅವರು ಕೇಳಿದ್ದು ಇಷ್ಟೇ:

“ಕೈಯಾಗೆ ಏನಾದ್ರೂ ಆಗಿದ್ರೆ ಮಗೂನ ಯಾಕೆ ಮುಟ್ದೆ? ಏನೂ ಆಗಿಲ್ದಿದ್ರೆ ಯಾಕೆ ಬೀಳಿಸ್ದೆ?”

ಅವತ್ತಿನಿಂದ ಮಗು ಹಾಲು ಕುಡಿಯಲು ಮಾತ್ರ ನನ್ನ ಬಳಿ ಬರುತ್ತಿತ್ತು. ಅದೂ ನಾನು ಗೋಡೆಗೆ ಒರಗಿ ಕೂತ ಮೇಲೆ ಅತ್ತೆ ತಂದು ಮಡಿಲಲ್ಲಿ ಮಲಗಿಸಿ, ಕುಡಿದಾದ ಕೂಡಲೇ ಎತ್ತಿಕೊಂಡು ಹೋಗುತ್ತಿದ್ದರು.

ಯಜಮಾನರು ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಕ್ಸ್‌ರೇ ತೆಗೆಸಿದರು. ಅಲ್ಲಿನ ಡಾಕ್ಟರು ಫಿಲ್ಮನ್ನು ಕಿಟಕಿಗೆ ಹಿಡಿದು, “ಮೂಳೆ ಲಕ್ಷಣವಾಗಿದೆಯಲ್ಲ!” ಎಂದರು. ಆಮೇಲೆ ನನ್ನನ್ನು ಬಿಟ್ಟು ಯಜಮಾನರ ಕಡೆ ತಿರುಗಿ, “ಮನೇಲಿ ಏನಾದ್ರೂ ಬೇಜಾರಾ? ಕೆಲಸ ಜಾಸ್ತಿಯಾ?” ಎಂದು ಕೇಳಿದರು. ಯಜಮಾನರು ಫಿಲ್ಮನ್ನು ಲಕೋಟೆಗೆ ಹಾಕಿಕೊಂಡು ಎದ್ದರು. ಹಿಂತಿರುಗುವಾಗ ಯಲಹಂಕದಲ್ಲಿ ಇಳಿದು ನಮ್ಮೂರಿನ ಚಿಕ್ಕ ರೈಲಿಗೆ ಕಾಯುತ್ತಾ ಕೂತೆವು. ಅಲ್ಲೂ ಅವರು ಮಾತಾಡಲಿಲ್ಲ. ಫಿಲ್ಮಿನ ಲಕೋಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮೂಲೆಯನ್ನು ಮಡಿಸುವುದು, ಬಿಡಿಸುವುದು. ಇವರೂ ನಂಬುವುದಿಲ್ಲ ಎಂದುಕೊಂಡೆ. ಮೌನವಾಗಿರುವವರನ್ನು ಅನುಮಾನಿಸುವುದು ಬಹಳ ಸುಲಭ.

ಅದಾದ ಮುಂದಿನ ವಾರ ರತ್ನಿ ನಮ್ಮ ಮನೆಗೆ ಬಂದಳು.

ರತ್ನಿ ಅತ್ತೆಯವರ ತಮ್ಮನ ಮಗಳು. ಬೂದಿಗೆರೆಯವಳು, ಹತ್ತೊಂಬತ್ತು ವರ್ಷ, ಇನ್ನೂ ಮದುವೆಯಾಗಿರಲಿಲ್ಲ. ಮಗುವನ್ನು ನೋಡಿಕೊಳ್ಳಲು ಕರೆಸಿದ್ದೇನೆ ಎಂದರು ಅತ್ತೆ. ನಮ್ಮ ಕಡೆಯ ಮನೆಗಳಲ್ಲಿ ಇದರ ಅರ್ಥವೇನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸೋದರಮಾವನ ಮಗಳು ಎಂದರೆ ಗಂಡಿಗೆ ವರಸೆಯ ಹೆಣ್ಣು, ಮೊದಲ ಹಕ್ಕು ಅವಳದು. ಆ ಹಕ್ಕನ್ನು ಬಿಟ್ಟು ಯಜಮಾನರು ಕಾನ್ವೆಂಟಿನ ನನ್ನನ್ನು ಒಪ್ಪಿಕೊಂಡಾಗ ಆ ಮಾವ ಮದುವೆಗೇ ಬಂದಿರಲಿಲ್ಲ. ಒಬ್ಬಳು ಹೆಂಡತಿ ಇರುವಾಗಲೇ ಇನ್ನೊಬ್ಬಳನ್ನು ತಂದ ಮನೆಗಳು ನಮ್ಮ ಬೀದಿಯಲ್ಲೇ ಎರಡಿದ್ದವು. ಒಂದರಲ್ಲಿ ಮೊದಲನೆಯವಳಿಗೆ ಮಕ್ಕಳಿರಲಿಲ್ಲ, ಇನ್ನೊಂದರಲ್ಲಿ ಮೊದಲನೆಯವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅಂಥ ಮೊದಲನೆಯವರ ಸಾಲಿನಲ್ಲಿ ಕೈ ಕೆಟ್ಟವಳು ಮೂರನೆಯವಳಾಗಬಹುದು.

ನಾನು ನೋಡತೊಡಗಿದೆ. ಕಸೂತಿ ಕಲಿತ ಕಣ್ಣಿಗೆ ಸಣ್ಣದು ತಪ್ಪುವುದಿಲ್ಲ. ರತ್ನಿ ಮಗುವನ್ನು ಎಡಸೊಂಟದಲ್ಲಿ ಹೊತ್ತು ಬಲಗೈಯಲ್ಲಿ ಅಂಗಳಕ್ಕೆ ನೀರು ಹಾಕುತ್ತಿದ್ದಳು. ಯಜಮಾನರಿಗೆ ಎರಡನೇ ಮುದ್ದೆ ಕೇಳದೆಯೇ ಬಡಿಸುತ್ತಿದ್ದಳು. ಒಂದು ದಿನ ಅವರ ಷರ್ಟಿನ ಕತ್ತಿನ ಗುಂಡಿ ನೋಡಿದೆ. ನಾನು ಗುಂಡಿ ಹೊಲಿದರೆ ದಾರವನ್ನು ಬುಡಕ್ಕೆ ಮೂರು ಸುತ್ತು ಸುತ್ತಿ ಒಳಗೆ ಗಂಟು ಹಾಕುತ್ತೇನೆ, ಸಿಸ್ಟರುಗಳು ಕಲಿಸಿದ್ದು ಹಾಗೆ. ಈ ಗುಂಡಿಯ ಗಂಟು ಹೊರಗಿತ್ತು.

ಹೀಗೇ ಗೌರಿ ಹಬ್ಬ ಬಂತು. ಹಬ್ಬಕ್ಕೆ ಮುಂಚೆ ಬಳೆಗಾರ ಶೆಟ್ಟರು ಬಳೆಗಳ ಮಲಾರ ಹೊತ್ತು ನಮ್ಮ ಜಗಲಿಗೆ ಬರುವುದು ವಾಡಿಕೆ. ನನ್ನ ಸರದಿ ಬಂದಾಗ ಅವರು ನನ್ನ ಬಲಗೈಯನ್ನು ಹಿಡಿದು, ಹೆಬ್ಬೆರಳ ಬುಡವನ್ನು ಮಡಿಸಿ, ಬಳೆಯನ್ನು ಒತ್ತಿ ಎಳೆದರು. ಎಳೆದವರು ಅಲ್ಲೇ ನಿಂತರು. ಬಳೆ ಬಿಟ್ಟು ಮೊಣಕೈಯನ್ನು ಅಂಗೈಯಲ್ಲಿ ಇಟ್ಟುಕೊಂಡು ಇನ್ನೊಂದು ಕೈಯಿಂದ ಮುಂಗೈಯನ್ನು ಮೆಲ್ಲಗೆ ಹೊರಕ್ಕೆ ಒತ್ತಿದರು.

“ಅಮ್ಮಯ್ಯ, ಇದು ಯಾವಾಗ ಬಿಟ್ಕೊಂಡಿದ್ದು?”

“ಏನು ಬಿಟ್ಕೊಂಡಿದ್ದು ಶೆಟ್ರೆ?” ಎಂದರು ಬಾಗಿಲಲ್ಲಿ ನಿಂತ ಅತ್ತೆ.

“ಬನ್ನಿ ದೊಡ್ಡಮ್ಮಾರೇ. ಇಲ್ಲಿ ಬೆರಳಿಡಿ.”

ಅತ್ತೆ ಬಂದು ಮೊಣಕೈಯ ಒಳಬದಿಗೆ ತೋರುಬೆರಳು ಇಟ್ಟರು. ಶೆಟ್ಟರು ಒತ್ತಿದರು. ಮೂಳೆ ಮೂಳೆಯಿಂದ ಸರಿದು, ಅತ್ತೆಯವರ ಬೆರಳ ತುದಿ ಆ ಸಂದಿಗೆ ಇಳಿಯಿತು. ಕೆಂಡ ಮುಟ್ಟಿದವರಂತೆ ಅವರು ಕೈ ತೆಗೆದುಕೊಂಡರು.

“ಹುಟ್ಟಿದಾಗಿಂದ ಹೆಂಗಸರ ಕೈ ಹಿಡಿಯೋದೇ ನನ್ನ ಕಸುಬು,” ಎಂದರು ಶೆಟ್ಟರು. “ಹೆಂಡ್ತಿ ಬೈತಾಳೆ ಅದಕ್ಕೆ. ಈ ಕೈ ನಾಟ್ಕ ಆಡ್ತಿಲ್ಲ ದೊಡ್ಡಮ್ಮಾರೇ. ಒಳಗಿನ ಕಟ್ಟು ಹೋಗ್ಬಿಟ್ಟದೆ.”

ನನಗೆ ಅಳು ಬಂತು. ಒಬ್ಬರಾದರೂ ನಂಬಿದರಲ್ಲ ಎಂದು ಅತ್ತೆಯ ಮುಖ ನೋಡಿದೆ. ಅವರ ಮುಖದಲ್ಲಿ ಮರುಕ ಇದ್ದದ್ದು ನಿಜ. ಆದರೆ ಬಾಯಿಂದ ಬಂದದ್ದು ಬೇರೆ.

“ಹಂಗಾದ್ರೆ ಇನ್ಮೇಲೆ ಹಾಲು ಕುಡ್ಸೋದು ಬಿಟ್ಟು ಮಗೂನ ನೀನು ಮುಟ್ಲೇಬ್ಯಾಡ ಕಣಮ್ಮ,” ಎಂದರು. ರತ್ನಿಯ ಸೊಂಟದಲ್ಲಿದ್ದ ವಿಮಲೆ ಬಳೆಗಳ ಸದ್ದಿಗೆ ನಗುತ್ತಿದ್ದಳು.

ಸುಳ್ಳುಗಾತಿಯಾಗಿದ್ದಾಗ ನನ್ನ ಮಗುವನ್ನು ಮತ್ತೆ ಪಡೆಯುವ ಆಸೆಯಾದರೂ ಇತ್ತು. ಸತ್ಯವಂತೆಯಾದ ದಿನ ಅದೂ ಹೋಯಿತು.

ಯಜಮಾನರು ಎರಡು ತಿಂಗಳು ಅಲ್ಲಿ ಇಲ್ಲಿ ವಿಚಾರಿಸಿ ದಂಡಿನ ಒಂದು ಆಸ್ಪತ್ರೆಯ ಸರ್ಜನ್ನರನ್ನು ಹುಡುಕಿದರು. ಆತ ಯುದ್ಧದ ಗಾಯಾಳುಗಳನ್ನು ನೋಡಿ ಬಂದವರು. ನಾವು ಹೋದ ಬಸ್ಸು, ಯುದ್ಧದಲ್ಲಿ ಪೆಟ್ರೋಲು ಸಿಗದೆ, ಇದ್ದಿಲ ಹೊಗೆಯಿಂದ ಓಡುವಂಥದ್ದು. ಏರು ಬಂದಾಗಲೆಲ್ಲ ಗಂಡಸರು ಇಳಿದು ತಳ್ಳಬೇಕು. ಆಸ್ಪತ್ರೆಯ ವರಾಂಡದಲ್ಲಿ ನಮ್ಮ ಎದುರಿನ ಬೆಂಚಿನ ಮೇಲೆ ಕೂತವರೆಲ್ಲರ ನೋವೂ ಕಣ್ಣಿಗೆ ಕಾಣುವಂಥದ್ದು. ಒಬ್ಬನಿಗೆ ಕಾಲಿರಲಿಲ್ಲ, ಒಬ್ಬಳ ಮುಖ ಸುಟ್ಟಿತ್ತು. ನಾನು ಸೆರಗನ್ನು ಮೊಣಕೈಗೆ ಸುತ್ತಿಕೊಂಡು, ತಪ್ಪು ಜಾಗಕ್ಕೆ ಬಂದವಳಂತೆ ಕೂತೆ.

ಸರ್ಜನ್ನರು ಫಿಲ್ಮು ನೋಡಲೇ ಇಲ್ಲ. ಶೆಟ್ಟರು ಮಾಡಿದ್ದನ್ನೇ ಅವರೂ ಮಾಡಿದರು. ಆಮೇಲೆ ಒಬ್ಬ ಸಿಸ್ಟರು ಕೈಯನ್ನು ಹಾಗೆ ಒತ್ತಿ ಹಿಡಿದಿರುವಾಗಲೇ ಹೊಸ ಎಕ್ಸ್‌ರೇ ತೆಗೆಸಿದರು. ಹೊಸ ಚಿತ್ರದಲ್ಲಿ ಎರಡು ಮೂಳೆಗಳ ನಡುವೆ ಕಪ್ಪಗೆ ಒಂದು ತೆರಪು ಇತ್ತು. ಬೆಪ್ಪಾಗಿ ಬಾಯಿ ಬಿಟ್ಟ ಮುಖದಂತೆ.

“ಯಾರೋ ಮೂಳೆಯನ್ನು ಬಹಳ ಚೆನ್ನಾಗಿ ಕೂರಿಸಿದಾರೆ,” ಎಂದರು. “ಆದರೆ ಮೂಳೆಗೂ ಮೂಳೆಗೂ ಕಟ್ಟಿರೋ ನಾರು ಕಿತ್ತು ಹೋಗಿದೆ. ಅದು ಎಕ್ಸ್‌ರೇಗೆ ಬೀಳೋದಿಲ್ಲ. ಇಷ್ಟು ದಿನವಾದ ಮೇಲೆ ಹಳೆಯದನ್ನೇ ಹೊಲಿಯೋಕೆ ಆಗಲ್ಲ. ಹೊಸದು ಹಾಕಬೇಕು.”

“ಹೊಸದು ಎಲ್ಲಿಂದ ತರ್ತೀರಿ?” ಎಂದೆ.

“ನಿಮ್ಮ ತೊಡೆಯಿಂದ.” ತೊಡೆಯ ಹೊರಬದಿಯಲ್ಲಿ ಚರ್ಮದ ಕೆಳಗೆ ಗಟ್ಟಿಯಾದ ಒಂದು ಪದರ ಇರುತ್ತದಂತೆ. ಅದರಿಂದ ಒಂದು ಪಟ್ಟಿ ಕತ್ತರಿಸಿ, ಮೊಣಕೈಯ ಮೂಳೆಗಳಿಗೆ ತೂತು ಕೊರೆದು, ಪೋಣಿಸಿ ಹೊಲಿಯುತ್ತಾರಂತೆ. “ಇಂಥದ್ದು ನಾನು ಹೆಚ್ಚು ಮಾಡಿಲ್ಲ. ಕೈ ಪೂರ್ತಿ ನೆಟ್ಟಗಾಗದೇ ಇರಬಹುದು. ಸುಳ್ಳು ಹೇಳೋದಿಲ್ಲ,” ಎಂದರು.

ಸುಳ್ಳು ಹೇಳುವುದಿಲ್ಲ ಎನ್ನುವವರ ಮೇಲೆ ನನಗೆ ಆಗ ಎಲ್ಲರಿಗಿಂತ ಹೆಚ್ಚು ಅನುಮಾನ. ಅದಕ್ಕಿಂತ ಹೆಚ್ಚು ಅನುಮಾನ ಹುಟ್ಟಿಸಿದ್ದು ಯಜಮಾನರು ತಡಮಾಡದೆ “ಯಾವಾಗ ಸೇರಿಸ್ಲಿ ಸಾರ್?” ಎಂದದ್ದು. ಏನು ಇಷ್ಟು ಅವಸರ?

ಮನೆಯಲ್ಲಿ ವಿಷಯ ಕೇಳಿ ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡರು.

“ಕೈ ಕೆಟ್ರೆ ತೊಡೆ ಯಾಕ್ಲಾ ಕುಯ್ತಾರೆ? ಸೋಲ್ಜರುಗಳಿಗೆ ಚರ್ಮ ಸಾಲ್ದೇ ಬಂದದೆ, ಅದಕ್ಕೆ ನಮ್ಮ ಹೆಣ್ಮಕ್ಕಳ ತೊಡೆಗೆ ಕೈ ಹಾಕವ್ರೆ. ಕೈ ಹಂಗೇ ಇರ್ತದೆ, ಕಾಲೂ ಕುಂಟಾಯ್ತದೆ ನೋಡ್ತಿರು!”

“ಅಮ್ಮ, ಸುಮ್ನಿರಮ್ಮ. ಅವಳದ್ದೇ ತೊಡೆ, ಅವಳದ್ದೇ ಕೈ,” ಎಂದರು ಯಜಮಾನರು.

“ಹೂಂ, ಹೊಲ ನಂದೇ ಅಂತ ಈ ಗದ್ದೆ ಮಣ್ಣು ಆ ಗದ್ದೆಗೆ ಹೊತ್ರೆ ಎರಡೂ ಬೆಳೀತವಾ?”

ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತ್ತು. ಅದರ ಮೇಲೆ ಇನ್ನೊಂದು ಲೆಕ್ಕ. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದರೆ ಆ ಎರಡು ತಿಂಗಳು ಈ ಮನೆಯಲ್ಲಿ ನನ್ನ ಜಾಗದಲ್ಲಿ ಯಾರಿರುತ್ತಾರೆ? ಹೋಗದಿದ್ದರೆ ಮಗುವನ್ನು ಎಂದಿಗೂ ನನ್ನ ಕೈಗೆ ಕೊಡುವುದಿಲ್ಲ. ಹೋದರೆ ಮನೆ ಹೋಗಬಹುದು, ಹೋಗದಿದ್ದರೆ ಮಗು ಹೋಗುವುದು ಖಂಡಿತ. ಹೊರಟೆ. ವಿಮಲೆಗೆ ಹತ್ತು ತಿಂಗಳು. ಹಾಲು ಬತ್ತಲೆಂದು ಅತ್ತೆ ಮಲ್ಲಿಗೆ ಮೊಗ್ಗು ಕಟ್ಟಿ ನನ್ನ ಎದೆಗೆ ಬಿಗಿದರು. ಅವರ ಕೈ ಆಗ ಬಹಳ ಮೆತ್ತಗಿತ್ತು. ಅದನ್ನೂ ಅನುಮಾನಿಸಿದೆ.

ಆಸ್ಪತ್ರೆಗೆ ಸೇರಿಸಿದ ದಿನ ಯಜಮಾನರು ಕೋಟನ್ನು ಕುರ್ಚಿಗೆ ಹಾಕಿ ಕಾಗದಪತ್ರಕ್ಕೆ ಸಹಿ ಹಾಕಲು ಹೋದರು. ಜೇಬಿನಿಂದ ಒಂದು ಕಾರ್ಡಿನ ಅಂಚು ಇಣುಕುತ್ತಿತ್ತು. ಪರರ ಕಾಗದ ಓದುವುದು ಪಾಪವೆಂದು ಕಾನ್ವೆಂಟಿನಲ್ಲಿ ನನಗೆ ಹೇಳಿಕೊಟ್ಟಿದ್ದರು. ಎಡಗೈಯಿಂದ ತೆಗೆದು ಓದಿದೆ. ಬೂದಿಗೆರೆಯ ಮಾವ ಬರೆಸಿದ್ದು: “ರತ್ನಿಯನ್ನು ಕಳಿಸಿ ನಾಲ್ಕು ತಿಂಗಳಾಗುತ್ತ ಬಂತು. ಜನ ಆಡಿಕೊಳ್ಳುತ್ತಾರೆ. ಅಕ್ಕ ಹೇಳಿದ ಮಾತಿಗೆ ನೀನು ಏನು ಹೇಳುತ್ತೀಯೋ ಬೇಗ ತಿಳಿಸುವುದು.”

ಕಾರ್ಡನ್ನು ಇದ್ದಂತೆಯೇ ಇಟ್ಟೆ. ಅವರು ಬಂದು, “ಯಾಕೆ ಹೀಗೆ ಬೆವರಿದೀಯಾ, ಭಯಾನಾ?” ಎಂದು ಕೇಳಿದರು. ಹೌದು ಎಂದೆ.

ಆಪರೇಷನ್ನಿನ ದಿನ ಬೆಳಿಗ್ಗೆ ಒಬ್ಬ ಐರಿಷ್ ಸಿಸ್ಟರು ಬಂದು ಬಳೆ ತೆಗೆಯಬೇಕು ಎಂದರು. ಗಂಡ ಇರುವಾಗ ಗಾಜಿನ ಬಳೆ ಒಡೆಯುವುದೆಂದರೇನು! ನಾನು ಕೈಯನ್ನು ಎದೆಗೆ ಒತ್ತಿಕೊಂಡೆ. ಆಕೆಗೆ ಅದು ಗೊತ್ತಿತ್ತು. “ಒಡೆಯೋದು ಇಲ್ಲ. ಸೋಪು,” ಎಂದು ಬೇಸಿನ್ನು ತಂದು, ಕಾಲು ಗಂಟೆ ಕೂತು, ಒಂದೊಂದೇ ಬಳೆಯನ್ನು ಜಾರಿಸಿ ತೆಗೆದು, ನನ್ನ ಕರವಸ್ತ್ರದಲ್ಲಿ ಕಟ್ಟಿ ದಿಂಬಿಗೆ ಪಿನ್ನು ಹಾಕಿದರು. ಎದೆಗೆ ಕಟ್ಟಿದ್ದ ಬಾಡಿದ ಮಲ್ಲಿಗೆಯನ್ನು ನೋಡಿ ಏನೂ ಕೇಳಲಿಲ್ಲ. ಅದನ್ನೂ ಹುಷಾರಾಗಿ ಬಿಚ್ಚಿ ಪಕ್ಕಕ್ಕಿಟ್ಟರು. ಆ ಇಡೀ ವರ್ಷದಲ್ಲಿ ನಾನು ಅನುಮಾನಿಸದ ಒಂದು ಕಾಲು ಗಂಟೆ ಅದೇ.

ಮೇಜಿನ ಮೇಲೆ ಮಲಗಿಸಿ ಮೂಗಿಗೆ ಬಟ್ಟೆಯ ಮುಚ್ಚಳ ಇಟ್ಟು, ಪ್ರಜ್ಞೆ ತಪ್ಪಿಸುವ ಈಥರ್ ತೊಟ್ಟಿಕ್ಕಿಸಿದರು. ಸಿಹಿ ವಾಸನೆ. ಎಣಿಸಿ ಎಂದರು. ನಾನು ಎಣಿಸುವುದು ಬಿಟ್ಟು ಇಂಗ್ಲಿಷಿನಲ್ಲಿ ಕೇಳಿದೆನಂತೆ, ಉಳಿದ ತೊಡೆಯನ್ನು ಯಾರಿಗೆ ಕೊಡುತ್ತೀರಿ ಎಂದು. ಆಮೇಲೆ ವಾರ್ಡಿನಲ್ಲೆಲ್ಲ ಅದೇ ಮಾತಾಗಿ, ಸರ್ಜನ್ನರು ಬಂದಾಗಲೆಲ್ಲ “ಎರಡೂ ತೊಡೆ ಇವೆಯಾ, ಎಣಿಸಿಕೊಂಡ್ರಾ?” ಎನ್ನುತ್ತಿದ್ದರು.

ಎಚ್ಚರವಾದಾಗ ಕೈಗಿಂತ ತೊಡೆ ಹೆಚ್ಚು ಉರಿಯುತ್ತಿತ್ತು. ಮಡಚಿದ ಮೊಣಕೈಯ ಸುತ್ತ ಹಸಿ ಗಾರೆಯ ವಾಸನೆಯ ಪ್ಲಾಸ್ಟರು. ಆರು ವಾರ ಅದು ನನ್ನ ಜೊತೆಗಿತ್ತು. ತೊಡೆಯ ಹೊಲಿಗೆ ಬಿಚ್ಚುವಾಗ ನೋಡಿದೆ: ಹನ್ನೊಂದು ಹೊಲಿಗೆ, ಎಲ್ಲ ಒಂದೇ ಅಳತೆ. ಆತ ಒಳ್ಳೆಯ ಕೆಲಸಗಾರರೆಂದು ನನಗೆ ನಂಬಿಕೆ ಬಂದದ್ದು ಆ ಹೊಲಿಗೆ ನೋಡಿ. ಕಿರುಬೆರಳು ಮಾತ್ರ ಮರಗಟ್ಟಿತ್ತು, ಈಗಲೂ ಅರ್ಧ ಹಾಗೇ ಇದೆ. ಬಿಸಿ ಪಾತ್ರೆ ಮುಟ್ಟಿದರೆ ಅದಕ್ಕೆ ತಡವಾಗಿ ಗೊತ್ತಾಗುತ್ತದೆ.

ಯಜಮಾನರು ಭಾನುವಾರಗಳಂದು ಬರುತ್ತಿದ್ದರು. ಕಾರ್ಡಿನ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಮೂರನೇ ಭಾನುವಾರ ಅವರ ಹಿಂದೆ ರತ್ನಿಯೂ ಬಂದಳು, ಸೊಂಟದಲ್ಲಿ ವಿಮಲೆ. ನಾನು ಎಡಗೈ ಚಾಚಿದೆ. ಮಗು ನನ್ನನ್ನು, ನನ್ನ ಬಿಳಿ ಪ್ಲಾಸ್ಟರನ್ನು ನೋಡಿ ರತ್ನಿಯ ಕತ್ತಿನಲ್ಲಿ ಮುಖ ಹುದುಗಿಸಿತು.

ಯಜಮಾನರು ಸಿಸ್ಟರನ್ನು ಕಾಣಲು ಹೋದಾಗ ರತ್ನಿ ಮಂಚದ ತುದಿಗೆ ಕೂತಳು.

“ಅಕ್ಕ, ನೀನು ನನ್ನನ್ನ ಯಾಕೆ ಹಂಗೆ ನೋಡ್ತೀಯ? ನಿಮ್ಮನೇಗೆ ಬಂದಾಗಿಂದ ನೋಡ್ತಿದೀನಿ. ಕಳ್ಳೀನ ನೋಡ್ದಂಗೆ.”

ನಾನು ಹೊದಿಕೆಯನ್ನು ತೊಡೆಯ ಮೇಲೆ ಸರಿಮಾಡಿಕೊಂಡೆ.

“ಅಪ್ಪ ಕಾರ್ಡ್ ಬರೆಸಿದ್ದ. ಅತ್ತೆ ಹೇಳಿಕಳಿಸಿದ್ರಂತೆ, ಭಾವಂಗೆ ನನ್ನ ಕೊಟ್ಬಿಡು ಅಂತ. ಗೊತ್ತಾ?”

“ಗೊತ್ತು.”

“ಭಾವ ಆ ಕಾರ್ಡ್ ನನಗೇ ಓದಿ ಹೇಳಿದ್ರು. ನೀನೇನಂತೀಯ ರತ್ನಿ ಅಂದ್ರು. ನಾನು ಬರ್ಕೊಳಿ ಅಂತ ಹೇಳಿ ಬರೆಸ್ದೆ. ಕೈ ಕೆಟ್ಟೋಯ್ತು ಅಂತ ಒಬ್ಬಳ ಮೇಲೆ ಇನ್ನೊಬ್ಬಳನ್ನ ತರೋ ಮನೆಗೆ, ನಾಳೆ ನನ್ನ ಕೈ ಕೆಟ್ರೆ? ನಾನು ಒಲ್ಲೆ ಅಪ್ಪಾ ಅಂತ. ಭಾವ ಕೆಳಗೆ ತಾವೂ ಎರಡು ಸಾಲು ಬರೆದ್ರು. ಅದೇನೋ ನಂಗೆ ಓದಕ್ಕೆ ಬರಲ್ಲ.” ಆಮೇಲೆ ದನಿ ತಗ್ಗಿಸಿದಳು. “ಅಲ್ದೆ ಕಣಕ್ಕ, ನಿನ್ನ ಗಂಡ ಏನು ಗೊರಕೆ ಹೊಡೀತಾರೆ! ಗೋಡೆ ಆಚೆ ಮಲಗಿದ್ರೂ ನಿದ್ದೆ ಬರಲ್ಲ. ನಿಂಗೇ ಇರ್ಲಿ ಮಾರಾಯ್ತಿ.”

ನಗು ಬಂದು ತೊಡೆಯ ಗಾಯ ಎಳೆಯಿತು. ನಗುತ್ತಲೇ ಇನ್ನೂ ಒಂದು ಅನುಮಾನ ಕೇಳಿಬಿಟ್ಟೆ. “ಅವರ ಗುಂಡಿ ಹೊಲಿದದ್ದು?”

“ನಾನೇ. ಅತ್ತೆಗೆ ಸೂಜಿ ಕಣ್ಣು ಕಾಣ್ಸಲ್ಲ. ಯಾಕೆ, ಕಿತ್ತೋಯ್ತಾ?”

ಅವರು ಹೊರಟಾಗ ವಿಮಲೆ ರತ್ನಿಯ ಹೆಗಲ ಮೇಲಿಂದ ನನ್ನನ್ನು ನೋಡುತ್ತಿದ್ದಳು. ಅಪರಿಚಿತರನ್ನು ನೋಡುವ ನೋಟ. ಇಷ್ಟು ದಿನ ನಾನು ಗಂಡನ ಬಾಗಿಲನ್ನೇ ಕಾದು ಕೂತಿದ್ದೆ. ಮಗು ಯಾರೂ ಕದಿಯದೆಯೇ, ಯಾರ ತಪ್ಪೂ ಇಲ್ಲದೆ, ಬೇರೊಬ್ಬಳ ಸೊಂಟಕ್ಕೆ ಅಂಟಿಕೊಂಡು ಹೋಗಿತ್ತು.

ಪ್ಲಾಸ್ಟರು ತೆಗೆದಾಗ ಕೈ ಮಡಚಿದಲ್ಲೇ ಮರದಂತೆ ನಿಂತಿತ್ತು. ದಿನಕ್ಕೆ ಅಷ್ಟಷ್ಟೇ ನೀವೇ ಆಡಿಸಿ, ಯಾರಿಂದಲೂ ಎಳೆಸಬೇಡಿ, ಉಜ್ಜಿಸಬೇಡಿ ಎಂದರು ಸರ್ಜನ್ನರು. ಊರಿಗೆ ಬಂದ ಮರುದಿನವೇ ಅತ್ತೆ ಎಣ್ಣೆ ಕಾಸಿ, ಉಜ್ಜುವವಳನ್ನು ಕರೆಸಿದ್ದರು. ತುಂಬಿದ ಕೊಡವನ್ನು ಕೈಗೆ ನೇತುಹಾಕಿದರೆ ನಾಲ್ಕು ದಿನದಲ್ಲಿ ನೆಟ್ಟಗಾಗುತ್ತದೆ ಎಂದಳು ಅವಳು. ಅವಳು ಎಷ್ಟೋ ಕೈಗಳನ್ನು ಹಾಗೇ ನೆಟ್ಟಗೆ ಮಾಡಿದ್ದಳಂತೆ. ಮದುವೆಯಾದ ಮೇಲೆ ಮೊದಲ ಬಾರಿ ನಾನು ಅತ್ತೆಗೆ ಇಲ್ಲ ಎಂದೆ. ಕೋಣೆಗೆ ಹೋಗಿ ಅಗಳಿ ಹಾಕಿಕೊಂಡೆ.

ಸಂಜೆ ಅತ್ತೆ ಬಾಗಿಲಾಚೆ ಬಂದು ಕೂತ ಸದ್ದಾಯಿತು.

“ನನ್ನ ಮ್ಯಾಲೆ ನಂಬಿಕೆ ಇಲ್ವೇನಮ್ಮ ನಿಂಗೆ?”

“ನೀವು ರತ್ನಿಯನ್ನ ಯಾಕೆ ಕರೆಸಿದ್ರಿ ಅತ್ತೆ?” ಎಂದೆ ಒಳಗಿಂದ.

ಎಣ್ಣೆಯ ಬಟ್ಟಲು ನೆಲಕ್ಕೆ ತಾಗಿದ್ದು ಕೇಳಿಸಿತು. ಆಮೇಲೆ, “ಹೂಂ, ಯೋಚ್ನೆ ಮಾಡಿದ್ದೆ,” ಎಂದರು. “ಮುಚ್ಚಿಡೋದೇನು. ಮಗು ಬಿದ್ದಿತ್ತು ಕಣಮ್ಮ. ನಂಗೂ ವಯಸ್ಸಾಯ್ತು. ನಾಳೆ ನಾನಿಲ್ದಾಗ ಆ ಮಗೂನ ಯಾರು ಎತ್ಕಂತಾರೆ ಅನ್ನಿಸ್ತು. ನಿನ್ನ ಹೊರಗೆ ಹಾಕ್ಬೇಕು ಅಂತಲ್ಲ. ಆದ್ರೂ ತಪ್ಪೇ.”

ಅನುಮಾನಿಸಿದ್ದು ನಿಜವೇ ಆಗಿತ್ತು ಎಂದು ತಿಳಿದಾಗ ಕೋಪ ಬರಬೇಕಿತ್ತು. ಒಂದು ರೀತಿಯ ನೆಮ್ಮದಿಯಾಯಿತು. ನಾನು ಹುಚ್ಚಿಯಾಗಿರಲಿಲ್ಲ. ಅಗಳಿ ತೆಗೆದೆ. ಎಣ್ಣೆ ತಣ್ಣಗಾಗಿತ್ತು. ಅದನ್ನು ಅವರ ಮಂಡಿಗೆ ಹಚ್ಚಿಕೊಟ್ಟೆ, ಬಲಗೈಯಲ್ಲೇ, ಬಂದಷ್ಟು.

ಮುಂದಿನ ಎರಡು ತಿಂಗಳು ಮಗುವಿನ ಪಕ್ಕ ಕೂತು ಕೈ ಆಡಿಸುವುದೇ ನನ್ನ ಕೆಲಸ. ಮೊದಲು ಬೆರಳು ಗಲ್ಲ ಮುಟ್ಟಿತು, ಆಮೇಲೆ ಕಿವಿ. ಪೂರ್ತಿ ಚಾಚಲು ಬರಲಿಲ್ಲ, ಬರುವುದೂ ಇಲ್ಲ. ಯಾರನ್ನೋ ಅಪ್ಪಿಕೊಳ್ಳಲು ಹೊರಟಂತೆ ಈಗಲೂ ಸ್ವಲ್ಪ ಮಡಚಿಯೇ ಇರುತ್ತದೆ. ವಿಮಲೆ ನನ್ನ ಕೈಯಿಂದ ಅನ್ನ ತಿನ್ನುತ್ತಿದ್ದಳು, ನನ್ನ ಹತ್ತಿರ ಆಡುತ್ತಿದ್ದಳು. ಎತ್ತಿಕೊಳ್ಳುವುದು ಮಾತ್ರ ರತ್ನಿಯೇ. ನಾನಾಗಿ ಎತ್ತಲು ಹೋಗುತ್ತಿರಲಿಲ್ಲ. ಯಾರೂ ಬೇಡ ಎಂದಿರಲಿಲ್ಲ, ನನಗೇ ನನ್ನ ಕೈ ಮೇಲೆ ನಂಬಿಕೆ ಇರಲಿಲ್ಲ.

ರತ್ನಿಗೆ ಹೊಸಕೋಟೆ ಕಡೆ ಗಂಡು ಗೊತ್ತಾಯಿತು. ಕರೆದುಕೊಂಡು ಹೋಗಲು ಅವಳಪ್ಪ ಗಾಡಿ ಕಟ್ಟಿಕೊಂಡು ಬಂದ. ಅವಳು ಗಂಟು ಗಾಡಿಗಿಟ್ಟು, ಬಾಗಿಲಲ್ಲಿ ಕುಂಕುಮ ಇಡಿಸಿಕೊಂಡು, ಅಳುತ್ತಾ ಮಗುವನ್ನು ಅತ್ತೆಯ ಕಡೆಗೆ ಚಾಚಿದಳು. ಆಮೇಲೆ ಏನನ್ನಿಸಿತೋ, ತಿರುಗಿ ನನ್ನ ಬಲಗೈಯಲ್ಲಿ ಇಟ್ಟು, ಹಿಂದೆ ನೋಡದೆ ಹೋಗಿ ಗಾಡಿ ಹತ್ತಿದಳು.

ಗಾಡಿ ಹೊರಟ ಮೇಲೆ ಮಗುವಿಗೆ ವಿಷಯ ಗೊತ್ತಾಯಿತು. ವಿಮಲೆ ಬಿಲ್ಲಿನಂತೆ ಹಿಂದಕ್ಕೆ ಬಾಗಿ ಕಿರುಚಿದಳು. ಗಾಡಿಯ ಕಡೆಗೆ ಎರಡೂ ಕೈ ಚಾಚಿ, ನನ್ನ ಎದೆಗೆ ಒದ್ದು, ಪಕ್ಕಕ್ಕೆ ಜಿಗಿದಳು. ಹದಿನಾಲ್ಕು ತಿಂಗಳ ಮಗುವಿನ ಇಡೀ ಭಾರ ನನ್ನ ಮೊಣಕೈಯ ಒಳಬದಿಗೆ ಬಿತ್ತು. ಸರಿಯಾಗಿ ಅದೇ ಜಾಗಕ್ಕೆ. ನಾನು ಉಸಿರು ಹಿಡಿದು ಆ ಜಾರುವಿಕೆಗೆ ಕಾದೆ. ತೊಡೆಯಿಂದ ಬಂದ ಆ ಪಟ್ಟಿ ಒಳಗೆ ಹಗ್ಗದಂತೆ ಬಿಗಿಯಿತು. ನೋವಾಯಿತು. ಜಾರಲಿಲ್ಲ.

ಅತ್ತೆ ಎರಡು ಹೆಜ್ಜೆ ಓಡಿಬಂದು ಮಗುವಿನ ಕೆಳಗೆ ಕೈಯೊಡ್ಡಿದರು. ನನ್ನ ಮೊಣಕೈ ನೋಡಿದರು. ಆಮೇಲೆ ನಿಧಾನವಾಗಿ ಕೈ ಹಿಂದಕ್ಕೆ ತೆಗೆದುಕೊಂಡು ಸೆರಗಿಗೆ ಒರೆಸಿಕೊಂಡರು.

ಮಗು ನನ್ನಿಂದ ಬಿಡಿಸಿಕೊಳ್ಳಲು ಬಹಳ ಹೊತ್ತು ಹೆಣಗಾಡಿತು. ನಾನು ಬಿಡಲಿಲ್ಲ.